ಮಹಡಿ ಮೇಲೆ ಮಾಗಿಯ ತರಕಾರಿ: ಮೊದಲು ನೆರಳು ಅಳೆಯಿರಿ

ನಾನು ಬೆಳೆದ ಮೊದಲ ಹೂಕೋಸು ಕೋಟಿನ ಗುಂಡಿಗಿಂತ ತುಸು ದೊಡ್ಡದಿತ್ತು. ಅಳತೆಪಟ್ಟಿ ಹಿಡಿದು ನೋಡಿದ್ದೇನೆ, ಅಡ್ಡಗಲ ಒಂದೂಕಾಲು ಇಂಚು. ಅದಕ್ಕಾಗಿ ಎರಡೂವರೆ ತಿಂಗಳು ದಿನಾ ಬೆಳಗ್ಗೆ ಮಹಡಿ ಹತ್ತಿ ಇಳಿದಿದ್ದೆ. ಅಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು, ‘ಗೋಬಿ ಮಂಚೂರಿಗೆ ಹೆಚ್ಚೋ ಕೆಲಸ ಉಳೀತು ಬಿಡು’ ಅಂದರು.

ಅದು 2024ರ ಚಳಿಗಾಲ. ಬೆಂಗಳೂರಿನ ಮನೆಯ ಮಹಡಿ, 22 ಗ್ರೋಬ್ಯಾಗು (ಗಿಡ ಬೆಳೆಸುವ ಚೀಲ), ಮೊಬೈಲ್ ತುಂಬ ತೋಟಗಾರಿಕೆಯ ವಿಡಿಯೊ. ‘ನಮ್ಮೂರ ಚಳಿ ಎಂಥಾ ಚಳಿ, ಇಲ್ಲಿ ಏನು ಹಾಕಿದರೂ ಬರುತ್ತೆ’ ಎಂಬ ಧೈರ್ಯ. ಆ ಮಾತು ಅರ್ಧ ನಿಜ. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ ಸೆಲ್ಸಿಯಸ್. ದಾಖಲೆಯ ಚಳಿ ಎಂದು ಪತ್ರಿಕೆಗಳು ಪ್ರತಿ ವರ್ಷ ನೆನಪಿಸುವ 7.8 ಡಿಗ್ರಿ ಕೂಡ 1884ರ ಜನವರಿಯದು. ಊಟಿಯ ಹಾಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವುದಿಲ್ಲ, ದೆಹಲಿಯ ಹಾಗೆ ದಿನಗಟ್ಟಲೆ ಸೂರ್ಯ ಮುಖ ಮರೆಸುವುದಿಲ್ಲ. ಹಾಗಾಗಿ ಆ ಕಡೆಯ ವಿಡಿಯೊಗಳು ಹೇಳುವ ಪ್ಲಾಸ್ಟಿಕ್ ಹೊದಿಕೆ, ಒಣಹುಲ್ಲಿನ ದಪ್ಪ ಹಾಸಿಗೆ ಯಾವುದೂ ನಮಗೆ ಬೇಕಿಲ್ಲ. ಚಳಿಯಿಂದ ನನ್ನ ಒಂದು ಗಿಡವೂ ಸಾಯಲಿಲ್ಲ. ನೆರಳಿನಿಂದ, ನೀರಿನಿಂದ, ತಡವಾಗಿ ಶುರುಮಾಡಿದ್ದರಿಂದ ಸತ್ತವು.

ಸೂರ್ಯ ಜರುಗುತ್ತಾನೆ

ಬ್ಯಾಗುಗಳನ್ನು ನಾನು ಜೋಡಿಸಿದ್ದು ಆಗಸ್ಟ್ ಮೂರನೇ ವಾರ. ಸರಿಯಾಗಿ ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳೇ ಕಾಣದಂತಾಗುವ ಶೂನ್ಯ ನೆರಳಿನ ದಿನ ಬರುತ್ತದೆ. ಮಹಡಿಯ ಮೂಲೆಮೂಲೆಯಲ್ಲೂ ಬಿಸಿಲು. ದಕ್ಷಿಣಕ್ಕಿರುವ ಪಕ್ಕದ ಮನೆಯ ಮೆಟ್ಟಿಲುಕೋಣೆ ಮತ್ತು ಅದರ ತಲೆಯ ಮೇಲಿನ ಕಪ್ಪು ಟ್ಯಾಂಕು ಸೇರಿ ನಮ್ಮ ಮಹಡಿಗಿಂತ ಹತ್ತಡಿ ಎತ್ತರ ಇವೆ. ಅದರ ಬುಡದಲ್ಲೇ ಸಾಲಾಗಿ ಬ್ಯಾಗು ಇಟ್ಟೆ, ಗಾಳಿಗೆ ಒಳ್ಳೆಯ ಮರೆ ಎಂದುಕೊಂಡು. ಡಿಸೆಂಬರ್ ಹೊತ್ತಿಗೆ ಆ ಸಾಲಿಗೆ ದಿನಕ್ಕೆ ಒಂದು ಗಂಟೆ ಬಿಸಿಲೂ ಬೀಳುತ್ತಿರಲಿಲ್ಲ.

ಲೆಕ್ಕ ಸುಲಭ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲುತ್ತಾನೆಂದರೆ, ನಡುಮಧ್ಯಾಹ್ನದಲ್ಲೂ ದಿಗಂತದಿಂದ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಸೆಪ್ಟೆಂಬರ್ 22ರ ಸುಮಾರಿಗೆ ಹತ್ತಡಿ ಗೋಡೆಯ ಮಧ್ಯಾಹ್ನದ ನೆರಳು ಎರಡೂಕಾಲು ಅಡಿ ಚಿಲ್ಲರೆ, ಡಿಸೆಂಬರ್‌ನಲ್ಲಿ ಅದೇ ಗೋಡೆಗೆ ಏಳೂವರೆ ಅಡಿ. ನೆನಪಿಡುವ ಸೂತ್ರ: ದಕ್ಷಿಣಕ್ಕೆ ಏನೇ ಅಡ್ಡ ಇರಲಿ, ಅದರ ಎತ್ತರದ ಮುಕ್ಕಾಲು ಪಾಲು ದೂರ ಬಿಟ್ಟು ಗಿಡ ಇಡಿ. ಬೀದರ್ ಕಡೆಯವರು ಹತ್ತಡಿಗೆ ಒಂಬತ್ತಡಿಯ ಹತ್ತಿರ ಬಿಡಬೇಕಾಗುತ್ತದೆ, ಉತ್ತರಕ್ಕೆ ಹೋದಷ್ಟೂ ನೆರಳು ಉದ್ದ. ಬೆಳಗ್ಗೆ, ಸಂಜೆಯ ನೆರಳು ಇದಕ್ಕಿಂತ ಉದ್ದ ಚಾಚುತ್ತದೆ ಎಂಬುದೂ ಗಮನದಲ್ಲಿರಲಿ.

ನಿಮ್ಮದೇ ಮೂರಡಿ ಪ್ಯಾರಪೆಟ್ ಗೋಡೆಯನ್ನೂ ಮರೆಯಬೇಡಿ. ದಕ್ಷಿಣದ ಪ್ಯಾರಪೆಟ್ಟಿಗೆ ಒರಗಿಸಿ ನೆಲದ ಮೇಲಿಟ್ಟ ಬ್ಯಾಗು ಚಳಿಗಾಲವಿಡೀ ಅದರ ನೆರಳಲ್ಲೇ ಕೂರುತ್ತದೆ. ಎರಡು ವರಸೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಇಲ್ಲವೇ ಉತ್ತರದ ಗೋಡೆಯ ಬದಿಗೆ ಸಾಗಿಸಿ. ಕಾಯಿ ಬಿಡುವ ಬೀನ್ಸ್, ಬಟಾಣಿ, ಟೊಮೆಟೊಗಳಿಗೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಗೆಡ್ಡೆಗಳಿಗೆ ಐದು ಗಂಟೆ ಸಿಕ್ಕರೂ ನಡೆದೀತು. ಮೂರು ಗಂಟೆಯಷ್ಟೇ ಸಿಗುವ ಜಾಗವನ್ನು ಪಾಲಕ್, ಮೆಂತ್ಯ, ಕೊತ್ತಂಬರಿಗೆ ಕೊಡಿ.

ಮಣ್ಣು, ತೂಕ, ತೆಂಗಿನ ನಾರು

ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಬ್ಯಾಗು ನೀರು ಕುಡಿದ ಮೇಲೆ ಹೆಚ್ಚುಕಡಿಮೆ 20 ಕಿಲೋ ತೂಗುತ್ತದೆ. ಇಪ್ಪತ್ತು ಬ್ಯಾಗೆಂದರೆ 400 ಕಿಲೋ. ಎಲ್ಲವನ್ನೂ ಮಹಡಿಯ ನಡುವೆ ಗುಡ್ಡೆ ಹಾಕದೆ ಕೆಳಗಿನ ಗೋಡೆ, ತೊಲೆಗಳು ಹಾದುಹೋಗುವ ಕಡೆ ಸಾಲಾಗಿಡಿ.

ಕೋಕೋಪೀಟಿನ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ಹಾಗೇ ಬಳಸಬೇಡಿ, ಅದರಲ್ಲಿ ಉಪ್ಪಿರುತ್ತದೆ. ನಾನು ತೊಳೆಯದೆ ಬಳಸಿದ ಬ್ಯಾಗುಗಳಲ್ಲಿ ಬೀನ್ಸ್ ಎಲೆಯ ಅಂಚು ಇಸ್ತ್ರಿ ತಾಗಿದ ಹಾಗೆ ಕಂದಾಯಿತು. ಎರಡು ಮೂರು ಸಲ ನೀರು ಬದಲಿಸಿ ಹಿಂಡಿದರೆ ಸಾಕು. ಇನ್ನು ಮನೆಯ ಕಾಂಪೋಸ್ಟು: ಕೈಗೆ ಬಿಸಿ ತಾಗುತ್ತಿದ್ದರೆ, ಹುಳಿ ವಾಸನೆಯಿದ್ದರೆ ಇನ್ನೂ ಆಗಿಲ್ಲ ಎಂದರ್ಥ. ನನ್ನದು ಪೂರ್ತಿ ಆಗಿರಲಿಲ್ಲ. ಆದರೆ ಅದರೊಳಗಿಂದ ತಾನಾಗಿ ಹುಟ್ಟಿದ ನಾಟಿ ಟೊಮೆಟೊ ಗಿಡವೊಂದು, ನಾನು ಜೋಪಾನದಿಂದ ಬೆಳೆಸಿದ ಎಲ್ಲವನ್ನೂ ನಾಚಿಸುವಂತೆ ಕಾಯಿ ಬಿಟ್ಟಿತು. ಅದಕ್ಕೆ ನನ್ನ ಬಳಿ ವಿವರಣೆಯಿಲ್ಲ, ಹೊಟ್ಟೆಕಿಚ್ಚು ಮಾತ್ರ ಇದೆ.

ಚಿತ್ತೆ ಮಳೆಗೆ ಸಸಿ ಸಿದ್ಧವಿರಲಿ

ನಮ್ಮ ಚಳಿಗಾಲ ಒಂದು ಸಣ್ಣ ಕಿಟಕಿ. ಹಿಂಗಾರು ಮಳೆ ಸಡಿಲವಾದಾಗ ತೆರೆದುಕೊಳ್ಳುತ್ತದೆ, ಫೆಬ್ರುವರಿ ನಡುವಿಗೆ ಮುಚ್ಚಲು ಶುರುವಾಗುತ್ತದೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುತ್ತೆ ಎನ್ನುವುದು ಕೋಸಿನ ಮಟ್ಟಿಗಂತೂ ಗಾದೆಯಲ್ಲ, ಗಡುವು. ಆದ್ದರಿಂದ ಚಳಿ ಬಂದಮೇಲೆ ಬೀಜ ಹಾಕಿದರೆ ತಡವಾಯಿತೆಂದೇ ಲೆಕ್ಕ.

ಎಲೆಕೋಸು, ಹೂಕೋಸು, ನವಿಲುಕೋಸು, ಟೊಮೆಟೊಗಳನ್ನು ಟ್ರೇಯಲ್ಲಿ ಸಸಿ ಮಾಡಿ ನೆಡಬೇಕು. ಸೆಪ್ಟೆಂಬರ್ ಕೊನೆಯ ವಾರ ಬೀಜ ಹಾಕಿದರೆ ಅಕ್ಟೋಬರ್ 20ರ ಆಸುಪಾಸು, ಚಿತ್ತೆ ಮಳೆ ಮುಗಿಯುವ ಹೊತ್ತಿಗೆ, ನಾಲ್ಕೈದು ಎಲೆಯ ಸಸಿ ಸಿದ್ಧ. ನಾನು ಮಾಡಿದ್ದೇನು? ಅಕ್ಟೋಬರ್‌ನಲ್ಲಿ ಬೀಜ ಹಾಕಿ, ಬ್ಯಾಗಿಗೆ ಮಣ್ಣು ಸಿಗಲಿಲ್ಲವೆಂದು ಸಸಿಗಳನ್ನು ಐವತ್ತು ದಿನ ಆ ಪುಟ್ಟ ಟ್ರೇಯಲ್ಲೇ ಬಿಟ್ಟೆ. ಬೇರು ಸುತ್ತಿಕೊಂಡು, ಹೊಟ್ಟೆಗೆ ಸಾಲದೆ, ಸಸಿಗಳು ಮುದಿಯಾದವು. ಹಾಗೆ ಕಂಗೆಟ್ಟ ಹೂಕೋಸು ಎಲೆ ಬೆಳೆಸುವುದನ್ನು ಬಿಟ್ಟು ಅವಸರದಲ್ಲಿ ಹೂ ಕಟ್ಟುತ್ತದೆ. ತೋಟಗಾರಿಕೆಯವರು ಇದಕ್ಕೆ ಬಟನಿಂಗ್ ಎನ್ನುತ್ತಾರೆ. ಗುಂಡಿಯ ಹೋಲಿಕೆ ನನಗಿಂತ ಮೊದಲೇ ಯಾರಿಗೋ ಹೊಳೆದಿತ್ತು ಅಂತಾಯಿತು. ಹೂಕೋಸಿನ ತಳಿಗಳೂ ಒಂದೊಂದು ಒಂದೊಂದು ಉಷ್ಣಾಂಶಕ್ಕೆ ಹೂ ಕಟ್ಟುವಂಥವು, ಉತ್ತರ ಭಾರತದ ತಡ ತಳಿ ಇಲ್ಲಿ ಬರೀ ಎಲೆಯಾಗಿ ನಿಂತುಬಿಡಬಹುದು. ಮೊದಲ ವರ್ಷ ಹೂಕೋಸಿನ ಆಸೆ ಬೇಡ. ಆ ಜಾಗದಲ್ಲಿ ನವಿಲುಕೋಸು ಹಾಕಿ. ಅದರಷ್ಟು ಸಾಧು ತರಕಾರಿ ಇನ್ನೊಂದಿಲ್ಲ. ನೆಟ್ಟ 45ರಿಂದ 60 ದಿನಕ್ಕೆ ಕೊಯ್ಲು, ಎಂಟಿಂಚು ಆಳದ ಕುಂಡವೂ ಸಾಕು.

ಉಳಿದದ್ದೆಲ್ಲ ನೇರ ಬ್ಯಾಗಿಗೇ ಬಿತ್ತುವಂಥವು, ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆವರೆಗೆ. ಒಂದೊಂದರ ಸ್ವಭಾವ ಒಂದೊಂದು ಥರ.

ಮೆಂತ್ಯಕ್ಕೆ ಅಂಗಡಿಯ ಬೀಜ ಬೇಡ, ಅಡುಗೆಮನೆಯ ಡಬ್ಬಿಯದೇ ಸಾಕು. ರಾತ್ರಿ ನೆನೆಸಿ ಬೆಳಗ್ಗೆ ಚೆಲ್ಲಿ ತೆಳುವಾಗಿ ಮಣ್ಣು ಉದುರಿಸಿದರೆ ನಾಲ್ಕನೇ ದಿನ ತಲೆಯೆತ್ತುತ್ತದೆ. ಹೊಸಬರ ಉತ್ಸಾಹ ಉಳಿಸುವ ಗಿಡವೆಂದರೆ ಇದೇ. ಕೊತ್ತಂಬರಿ ಬೀಜವನ್ನು ಲೋಟದ ತಳದಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಹತ್ತು ಹನ್ನೆರಡು ದಿನ ಏನೂ ಕಾಣದಿದ್ದರೆ ಗಾಬರಿಯಾಗಿ ಕೆದಕಬೇಡಿ. ನಾನು ಕೆದಕಿದೆ, ಮೊಳಕೆ ಮುರಿಯಿತು. ಸೊಪ್ಪುಗಳನ್ನು ಒಂದೇ ದಿನ ಎಲ್ಲ ಬಿತ್ತಬೇಡಿ. ಹತ್ತು ದಿನಕ್ಕೊಂದು ಬ್ಯಾಗಿನಂತೆ ಬಿತ್ತಿದರೆ ಸಂಕ್ರಾಂತಿ ದಾಟುವವರೆಗೂ ಸಾರಿಗೆ ಸೊಪ್ಪಿರುತ್ತದೆ.

ಮೂಲಂಗಿ 40–55 ದಿನದ ಆಟ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ತಳಿ ನನಗೆ ಚೆನ್ನಾಗಿ ಬಂತು. ಇದರ ಕಷ್ಟ ಬೆಳೆಸುವುದರಲ್ಲಿಲ್ಲ, ಕೀಳುವುದರಲ್ಲಿದೆ. ಹದಿನೈದು ಸಸಿ ಹುಟ್ಟಿದ ಬ್ಯಾಗಿನಲ್ಲಿ ಐದು ಉಳಿಸಿ ಹತ್ತನ್ನು ಕಿತ್ತೊಗೆಯಬೇಕು. ಮನಸ್ಸು ಬರಲಿಲ್ಲ. ಪರಿಣಾಮ, ಹದಿನೈದೂ ಇಲಿಬಾಲದಂತೆ ಬಂದವು. ಮುಂದಿನ ಸಲ ಅಮ್ಮನೇ ಬಂದು ಹತ್ತನ್ನು ಕಿತ್ತು, ಎಳೆ ಎಲೆ ಸಮೇತ ಕಡಲೆಬೇಳೆ ಹಾಕಿ ಪಲ್ಯ ಮಾಡಿದರು. ಬೀಟ್‌ರೂಟಿನಲ್ಲೂ ಇದೇ ಕಥೆ. ಅದರ ಒಂದು ‘ಬೀಜ’ ಅಸಲಿಗೆ ಹಲವು ಬೀಜಗಳ ಗೊಂಚಲು, ಒಂದು ಹಾಕಿದರೆ ಮೂರು ಸಸಿ ಏಳುತ್ತವೆ. ಒಂದನ್ನೇ ಉಳಿಸಿ.

ಕ್ಯಾರೆಟ್ಟಿಗೆ ತಾಳ್ಮೆ ಬೇಕು. ಬೀಜ ಸಣ್ಣದು, ಮರಳಿನ ಜೊತೆ ಬೆರೆಸಿ ಉದುರಿಸಬೇಕು. ಮೊಳೆಯಲು ಎರಡು ವಾರ ಹಿಡಿಯುತ್ತದೆ, ಅಷ್ಟು ದಿನವೂ ಮೇಲ್ಮಣ್ಣು ಒಣಗಬಾರದು. ಒದ್ದೆ ಗೋಣಿತಾಟು ಹೊದಿಸಿ, ಮೊದಲ ಹಸಿರು ಕಂಡ ದಿನವೇ ತೆಗೆಯಿರಿ, ಒಂದು ದಿನ ಮರೆತರೂ ಸಸಿ ಬಿಳುಚಿ ಉದ್ದವಾಗುತ್ತದೆ. ಬ್ಯಾಗು ಒಂದಡಿ ಆಳವಿರಲಿ, ಮಣ್ಣನ್ನು ಜರಡಿ ಹಿಡಿಯಿರಿ. ಬೇರಿಗೆ ಕಲ್ಲು ಅಡ್ಡ ಬಂದರೆ ಕ್ಯಾರೆಟ್ಟು ಕವಲೊಡೆದು ಎರಡು ಕಾಲಿನ ಗೊಂಬೆಯಾಗುತ್ತದೆ. ನಮ್ಮ ಮನೆಯ ಮಕ್ಕಳಿಗೆ ಅಂಥವೇ ಹೆಚ್ಚು ಇಷ್ಟವಾದವು, ಅದು ಬೇರೆ ಮಾತು.

ಬೀನ್ಸ್‌ನಲ್ಲಿ ಪೊದೆಯಾಗಿ ಬೆಳೆಯುವ ಅರ್ಕಾ ಕೋಮಲ್ ಬ್ಯಾಗಿಗೆ ಹೇಳಿ ಮಾಡಿಸಿದ್ದು, ಚಪ್ಪರದ ಗೋಜಿಲ್ಲ. ಬಟಾಣಿಗೆ ಬೂದಿ ರೋಗ ತಡೆಯುವ ತಳಿ ಹುಡುಕಿ, ಅರ್ಕಾ ಅಜಿತ್ ಅಂಥದ್ದು.

ಕರಾವಳಿಯವರು ಈ ಪಟ್ಟಿಯನ್ನು ಹಾಗೇ ನಂಬಬೇಡಿ. ಮಂಗಳೂರು, ಉಡುಪಿಯಲ್ಲಿ ಡಿಸೆಂಬರ್ ರಾತ್ರಿಯೂ ಬೆಚ್ಚಗೇ ಇರುತ್ತದೆ. ಅಲ್ಲಿ ಮಳೆ ನಿಂತ ಮೇಲಿನ ಬೆಳೆ ಎಂದರೆ ಹರಿವೆ, ಅಲಸಂಡೆ, ಬೆಂಡೆ, ಗುಳ್ಳ ಬದನೆ. ಕ್ಯಾರೆಟ್ ಹಿಂದೆ ಬೀಳುವುದಕ್ಕಿಂತ ಅವೇ ವಾಸಿ.

ಬೆರಳು ಅದ್ದಿ, ಆಮೇಲೆ ನೀರು

ಬೇಸಿಗೆಯಲ್ಲಿ ದಿನಾ ಎರಡು ಹೊತ್ತು ನೀರು ಹಾಕಿದ ಕೈಗೆ ಚಳಿಗಾಲದಲ್ಲಿ ಸುಮ್ಮನಿರುವುದು ಕಷ್ಟ. ಎಲೆ ಹಳದಿಯಾದರೆ ‘ಪಾಪ, ಬಾಯಾರಿಕೆ’ ಎಂದು ಇನ್ನೊಂದು ಚೊಂಬು ಸುರಿಯುತ್ತಿದ್ದೆ. ಅದು ಹಳದಿಯಾದದ್ದೇ ಬೇರು ಉಸಿರುಕಟ್ಟಿದ್ದಕ್ಕೆ. ಈಗ ನನ್ನ ನಿಯಮ ಒಂದೇ, ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸುವುದು. ತುದಿಗೆ ತಂಪು ತಾಗಿದರೆ ಆ ದಿನ ನೀರಿಲ್ಲ. ದೊಡ್ಡ ಬ್ಯಾಗಿಗೆ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಬೀಜ ಮೊಳೆಯುತ್ತಿರುವ ಬ್ಯಾಗಿಗೆ ಮಾತ್ರ ಈ ನಿಯಮವಿಲ್ಲ.

ಹಾಕುವುದು ಬೆಳಗ್ಗೆಯೇ, ಬುಡಕ್ಕೇ. ಸಂಜೆ ಎಲೆಯ ಮೇಲೆ ಸುರಿದ ನೀರು ರಾತ್ರಿಯ ಇಬ್ಬನಿಯ ಜೊತೆ ಸೇರಿ ಮರುದಿನ ಒಂಬತ್ತು ಗಂಟೆಯವರೆಗೂ ಆರುವುದಿಲ್ಲ. ಎಲೆಚುಕ್ಕೆ, ಕೊಳೆ ರೋಗಗಳಿಗೆ ಅಷ್ಟೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಬಂಗಾಳ ಕೊಲ್ಲಿ ನಮ್ಮ ಕೈಯಲ್ಲಿಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು, ಬೆಂಗಳೂರಿಗೆ ದಿನಗಟ್ಟಲೆ ಜಿಟಿಜಿಟಿ. ಆಗಷ್ಟೇ ಮೊಳೆತಿದ್ದ ನನ್ನ ಪಾಲಕ್ ಸಸಿಗಳು ನೆಲಮಟ್ಟದಲ್ಲಿ ದಾರದಂತೆ ಸಣಕಲಾಗಿ ಒಂದೊಂದೇ ಅಡ್ಡ ಮಲಗಿದವು. ಸಸಿ ಕೊಳೆ ರೋಗ. ಮಲಗಿದ ಸಸಿಯನ್ನು ಎಬ್ಬಿಸುವ ಔಷಧಿಯಿಲ್ಲ. ಚಂಡಮಾರುತದ ಸುದ್ದಿ ಬಂದ ದಿನವೇ ಸಸಿ ಟ್ರೇಗಳನ್ನು ಒಳಗೆ ತನ್ನಿ, ಬ್ಯಾಗಿನ ತಳದ ತೂತು ಕಟ್ಟಿಕೊಂಡಿಲ್ಲವೇ ನೋಡಿ, ಬಿತ್ತನೆಯನ್ನು ಒಂದು ವಾರ ಮುಂದೂಡಿ.

ಗೊಬ್ಬರಕ್ಕೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ, ಹತ್ತುಪಟ್ಟು ನೀರು ಬೆರೆಸಿ ಹಾಕಿದರೆ ಕೋಸು ಕಣ್ಣೆದುರೇ ಚಿಗುರುತ್ತದೆ. ಆದರೆ ಅದರ ವಾಸನೆ ಎರಡು ಮನೆ ದಾಟುತ್ತದೆ. ಭಾನುವಾರ ಬೆಳಗ್ಗೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹೊತ್ತಿಗೆ ಮಾತ್ರ ಹಾಕಬೇಡಿ.

ರಂಗೋಲಿ ಹುಳು ಮತ್ತು ಬಳಗ

ಟೊಮೆಟೊ, ಬೀನ್ಸ್ ಎಲೆಯ ಮೇಲೆ ಯಾರೋ ಬಿಳಿ ಪುಡಿಯಲ್ಲಿ ಎಳೆ ಎಳೆದ ಹಾಗೆ ಕಂಡರೆ ಅದು ರಂಗೋಲಿ ಹುಳು. ಎಲೆಯ ಎರಡು ಪದರದ ನಡುವೆ ಕೂತು ತಿನ್ನುತ್ತಾ ಹೋದ ದಾರಿಯೇ ಆ ರಂಗೋಲಿ. ಮೇಲಿಂದ ಸಿಂಪಡಿಸಿದ್ದು ಅದಕ್ಕೆ ಸುಲಭವಾಗಿ ತಲುಪುವುದಿಲ್ಲ, ಎಲೆ ಕಿತ್ತು ಹೊರಹಾಕುವುದೇ ಸರಿ.

ಡಿಸೆಂಬರ್, ಜನವರಿಯ ಮುಖ್ಯ ಅತಿಥಿ ಹೇನು. ಎಳೆ ಕುಡಿಗೆ ಮುತ್ತುವ ಈ ಸಸ್ಯಹೇನುಗಳ ಸಿಹಿ ಅಂಟಿಗೆ ಇರುವೆ ಬರುತ್ತದೆ, ಬಂದ ಇರುವೆ ಹೇನಿಗೆ ಕಾವಲು ಕಾಯುತ್ತದೆ. ಕುಡಿಗೆ ಇರುವೆ ಸಾಲು ಹತ್ತುತ್ತಿದ್ದರೆ ಎಲೆ ತಿರುಗಿಸಿ ನೋಡಿ. ಮೊದಲು ಬರೀ ನೀರನ್ನು ರಭಸವಾಗಿ ಚಿಮ್ಮಿಸಿ ಕೆಡವಿ. ಜಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ಒಂದೆರಡು ಹನಿ ಸೋಪಿನ ದ್ರಾವಣ. ಬಿಸಿಲಿಳಿದ ಮೇಲೆ ಹೊಡೆಯಿರಿ, ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ. ಗುಲಗಂಜಿ ಹುಳು ಕಂಡರೆ ಅದನ್ನು ಅದರ ಪಾಡಿಗೆ ಬಿಡಿ, ಹೇನು ತಿನ್ನುವ ಕೆಲಸ ಅದೇ ಮಾಡುತ್ತದೆ.

ಕೋಸಿನ ಎಲೆಯಲ್ಲಿ ಪುಟ್ಟ ಕಿಟಕಿಗಳಂಥ ತೂತು, ಮುಟ್ಟಿದರೆ ನೂಲು ಬಿಟ್ಟು ಜೋತುಬೀಳುವ ಹಸಿರು ಮರಿಹುಳು, ಇದು ವಜ್ರಬೆನ್ನಿನ ಪತಂಗದ ಸಂತಾನ. ಇದಕ್ಕೆ ಹೆಸರಘಟ್ಟದ ವಿಜ್ಞಾನಿಗಳು ಹೊಲಕ್ಕೆ ಹೇಳಿದ ಉಪಾಯ ಮಹಡಿಗೂ ಒಗ್ಗುತ್ತದೆ. ಕೋಸು ನೆಡುವ ಹದಿನೈದು ದಿನ ಮೊದಲು ಪಕ್ಕದಲ್ಲಿ ಸಾಸಿವೆ ಬಿತ್ತುವುದು. ಪತಂಗಕ್ಕೆ ಕೋಸಿಗಿಂತ ಸಾಸಿವೆಯ ಮೇಲೆ ಪ್ರೀತಿ ಜಾಸ್ತಿ, ಮೊಟ್ಟೆಯೆಲ್ಲ ಅಲ್ಲಿಗೇ. ಒಗ್ಗರಣೆ ಡಬ್ಬಿಯಿಂದ ಎರಡು ಚಿಟಿಕೆ ಸಾಕು. ಹುಳು ತುಂಬಿದ ಸಾಸಿವೆ ಗಿಡವನ್ನು ಕಿತ್ತು ಚೀಲಕ್ಕೆ ತುಂಬಿ ಬಿಸಾಡಿ, ಮತ್ತೆ ಬಿತ್ತಿ.

ಬಟಾಣಿ, ಬೆಂಡೆಯ ಎಲೆ ಮೇಲೆ ವಿಭೂತಿ ಬಳಿದಂತಾಗುವ ಬೂದಿ ರೋಗ ಮಾತ್ರ ನೀರಿನಿಂದ ಬರುವುದಲ್ಲ. ಒಣ ಹಗಲು, ತಂಪು ರಾತ್ರಿ ಅದಕ್ಕೆ ಪ್ರಿಯ, ಅಂದರೆ ನಮ್ಮ ಜನವರಿ. ಒಂದು ಲೋಟ ಹುಳಿ ಮಜ್ಜಿಗೆಗೆ ಒಂಬತ್ತು ಲೋಟ ನೀರು ಸೇರಿಸಿ ವಾರಕ್ಕೊಮ್ಮೆ ಸಿಂಪಡಿಸಿದೆ. ಮೊದಲ ಚುಕ್ಕೆ ಕಂಡಾಗಲೇ ಹಿಡಿದ ಗಿಡದಲ್ಲಿ ರೋಗ ನಿಧಾನವಾಯಿತು. ಅರ್ಧ ಗಿಡ ಬೆಳ್ಳಗಾದ ಮೇಲೆ ಹೊಡೆದದ್ದು ಮಜ್ಜಿಗೆಗೆ ದಂಡ.

ಅವರೆಯ ಮಾತು ಬೇರೆ

ಚಳಿಗಾಲದ ತೋಟದ ಬಗ್ಗೆ ಬರೆದು ಅವರೆ ಬಿಟ್ಟರೆ ಬೆಂಗಳೂರು, ಕೋಲಾರ, ತುಮಕೂರಿನ ಓದುಗರು ಕ್ಷಮಿಸುವುದಿಲ್ಲ. ನಾಟಿ ಅವರೆ ಗಡಿಯಾರ ನೋಡುವ ಗಿಡ. ಹಗಲು ಕುಗ್ಗಿ ರಾತ್ರಿ ಉದ್ದವಾಗುವವರೆಗೆ ಹೂ ಬಿಡುವುದಿಲ್ಲ. ನಮ್ಮಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ, ಅಷ್ಟನ್ನೇ ಈ ಬಳ್ಳಿ ಲೆಕ್ಕವಿಡುತ್ತದೆ. ಜೂನ್‌ನಲ್ಲೇ ಬಿತ್ತಿದರೆ ನಾಲ್ಕು ತಿಂಗಳು ಬರೀ ಬಳ್ಳಿ ಸಾಕಬೇಕಾಗುತ್ತದೆ, ಮಹಡಿಯಲ್ಲಿ ಅಷ್ಟು ಜಾಗ ಯಾರಿಗಿದೆ? ಆಗಸ್ಟ್ ಕೊನೆಗೆ ದೊಡ್ಡ ಬ್ಯಾಗಿನಲ್ಲಿ ಎರಡು ಬೀಜ ಊರಿ, ಗಟ್ಟಿ ಹಗ್ಗ ಕಟ್ಟಿಕೊಡಿ.

ಹಗಲಿನ ಲೆಕ್ಕ ಕೇಳದೆ ಯಾವಾಗ ಬಿತ್ತಿದರೂ ಕಾಯಿ ಬಿಡುವ ಗಿಡ್ಡ ತಳಿಯೂ ಇದೆ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4. ಕುಂಡಕ್ಕೆ ಅದೇ ಅನುಕೂಲ. ಆದರೆ ಕೈಗೆ ಅಂಟಿ ಎರಡು ದಿನ ಬಿಡದ ಆ ಸೊಗಡು ಬೇಕೆಂದರೆ ನಾಟಿಯದೇ ಆಗಬೇಕು, ಅದೂ ಇಬ್ಬನಿ ಬಿದ್ದ ಕಾಯಿಯೇ ಆಗಬೇಕು ಎಂದು ಅಮ್ಮನ ವಾದ. ಹಿತಕವರೆ ಸಾರಿನ ತಟ್ಟೆ ಮುಂದಿದ್ದಾಗ ನಾನು ವಾದಿಸುವುದಿಲ್ಲ.

ಕೊಯ್ಲು, ಮತ್ತೆ ಖಾಲಿ ಬ್ಯಾಗು

ದೊಡ್ಡದಾಗಲಿ ಎಂದು ಕಾಯುವುದು ಹೊಸಬರ ಇನ್ನೊಂದು ರೋಗ. ನವಿಲುಕೋಸನ್ನು ಕ್ರಿಕೆಟ್ ಚೆಂಡಿನ ಗಾತ್ರಕ್ಕೇ ಕೊಯ್ಯಿರಿ, ಆಮೇಲೆ ನಾರು ಕಟ್ಟುತ್ತದೆ. ಮೂಲಂಗಿ ಒಂದು ವಾರ ಹೆಚ್ಚು ನಿಂತರೆ ಒಳಗೆ ಬೆಂಡಾಗುತ್ತದೆ. ಬಟಾಣಿ ಕಾಯಿ ತುಂಬಿ, ಇನ್ನೂ ಹೊಳಪಿರುವಾಗಲೇ ಕಿತ್ತು ಅಲ್ಲೇ ನಿಂತು ತಿನ್ನಿ, ಕೆಳಗೆ ತಂದರೆ ನಿಮ್ಮ ಪಾಲಿಗೆ ಉಳಿಯುವುದಿಲ್ಲ. ಪಾಲಕ್ಕನ್ನು ಬುಡಸಮೇತ ಕೀಳದೆ ಎರಡಿಂಚು ಬಿಟ್ಟು ಕತ್ತರಿಸಿ, ಇನ್ನೂ ಮೂರು ಕೊಯ್ಲು ಕೊಡುತ್ತದೆ.

ದುಡ್ಡು ಉಳಿಸಲೆಂದು ಶುರುಮಾಡುವವರಿಗೆ ಒಂದು ಮಾತು. ನಿಮ್ಮ ಮಹಡಿಯಲ್ಲಿ ತರಕಾರಿ ಚೆನ್ನಾಗಿ ಬರುವ ತಿಂಗಳಲ್ಲೇ ಹೊಲದಲ್ಲೂ ಚೆನ್ನಾಗಿ ಬರುತ್ತದೆ, ಆಗಲೇ ಮಾರುಕಟ್ಟೆಯಲ್ಲಿ ಅಗ್ಗವೂ ಆಗಿರುತ್ತದೆ. ಮೊದಲ ವರ್ಷ ನನ್ನ ಬ್ಯಾಗು, ಮಣ್ಣು, ಬೀಜದ ಖರ್ಚಿನಲ್ಲಿ ಒಂದು ಚಳಿಗಾಲವಿಡೀ ತಳ್ಳುಗಾಡಿಯ ಸೊಪ್ಪು ತರಬಹುದಿತ್ತು. ಈಗ ಬ್ಯಾಗು ಹಳೆಯವೇ, ಬೀಜ ಅಡುಗೆಮನೆಯದು, ಹಾಗಾಗಿ ಲೆಕ್ಕ ಸ್ವಲ್ಪ ಮೇಲೆದ್ದಿದೆ.

ಫೆಬ್ರುವರಿ ಕೊನೆಗೆ ಕೊತ್ತಂಬರಿ ಹೂ ಕಟ್ಟುತ್ತದೆ, ಕೋಸಿನ ಎಲೆ ಮಧ್ಯಾಹ್ನಕ್ಕೆ ಬಾಡತೊಡಗುತ್ತದೆ. ಅವುಗಳ ಜೊತೆ ಹಟ ಹಿಡಿಯಬೇಡಿ. ಮೂರ್ನಾಲ್ಕು ಕೊತ್ತಂಬರಿ ಗಿಡವನ್ನು ಬೀಜಕ್ಕೆ ಬಿಟ್ಟು ಉಳಿದದ್ದು ಕಿತ್ತು, ಮಣ್ಣಿಗೆ ಒಂದು ಪಾಲು ಹೊಸ ಕಾಂಪೋಸ್ಟ್ ಸೇರಿಸಿ ಬೆಂಡೆ, ಗೋರಿಕಾಯಿ, ಸೌತೆ ಹಾಕಿ.

ಮೊದಲ ವರ್ಷದ ಡಿಸೆಂಬರ್ 21ರಂದು, ಮಧ್ಯಾಹ್ನ 12.15ರ ಸುಮಾರಿಗೆ, ಪಕ್ಕದ ಮನೆಯ ಟ್ಯಾಂಕಿನ ನೆರಳು ನಮ್ಮ ಮಹಡಿಯಲ್ಲಿ ಎಲ್ಲಿ ಮುಗಿಯುತ್ತದೋ ಅಲ್ಲಿ ಉಳಿದಿದ್ದ ಗೇಟಿನ ಬಣ್ಣದಿಂದ ಗೆರೆ ಎಳೆದಿದ್ದೇನೆ. ಹಸಿರು ಗೆರೆ, ಸ್ವಲ್ಪ ಸೊಟ್ಟಗಿದೆ. ಮರುವರ್ಷ ಅದರ ಆಚೆಗೆ ನವಿಲುಕೋಸು, ಬಟಾಣಿ, ಬೀನ್ಸ್ ಇಟ್ಟೆ. ಈಚೆಗೆ ಮೆಂತ್ಯ, ಪಾಲಕ್, ಮತ್ತೆ ನಾನು ಕೂರುವ ಒಂದು ಸ್ಟೂಲು.